ಹಾಲಿನ ಹನಿಯಲ್ಲಿ ಕುಣಿದದ್ದು

ನಾನು ಒಂದು ಸೂಕ್ಷ್ಮದರ್ಶಕ. ಹುಟ್ಟಿದ್ದು ದೂರದ ಅಂಬಾಲಾದ ಒಂದು ಕಾರ್ಖಾನೆಯಲ್ಲಿ. ನನ್ನ ಮಸೂರವನ್ನು ಉಜ್ಜಿ ನುಣುಪಾಗಿಸಿದ ಹೆಂಗಸು ಕೊನೆಗೊಮ್ಮೆ ಅದರ ಮೇಲೆ ಬಾಯಿಯ ಹಬೆ ಊದಿ, ದುಪಟ್ಟಾದ ಚುಂಗಿನಿಂದ ಒರೆಸಿದಳು. ನನಗೆ ಸಿಕ್ಕ ಮೊದಲ ಉಸಿರು ಅದು. ಅಂದಿನಿಂದ ಮನುಷ್ಯರನ್ನು ನಾನು ಕೆಳಗಿನಿಂದಲೇ ಬಲ್ಲೆ: ಒಂದು ಕಣ್ಣು, ಅದರ ರೆಪ್ಪೆ, ಆಚೆ ಚೂರು ಹುಬ್ಬು.

ಮೊದಲು ಧಾರವಾಡದ ಒಂದು ಕಾಲೇಜಿನಲ್ಲಿದ್ದೆ. ಅಲ್ಲಿಗೆ ಎರಡು ಕಣ್ಣಿಟ್ಟು ನೋಡುವ ಹೊಸ ಯಂತ್ರ ಬಂದಾಗ ನನ್ನನ್ನು ಗದಗಿನ ಒಂದು ಹೆಣ್ಣುಮಕ್ಕಳ ಶಾಲೆಗೆ ಕೊಟ್ಟುಬಿಟ್ಟರು. ಅಲ್ಲಿ ನನ್ನ ಒಡತಿ ಜೀವಶಾಸ್ತ್ರ ಕಲಿಸುವ ಪ್ರಮೋದಿನಿ ಅಕ್ಕೋರು. ನಲವತ್ತು ದಾಟಿದ ಮಿತಭಾಷಿ. ಸಭೆಯಲ್ಲಿ ಅವರ ಮಾತು ಯಾರೂ ಕೇಳುತ್ತಿರಲಿಲ್ಲ. ಮನೆಯಲ್ಲಿಯೂ ಅಷ್ಟೇ ಇರಬೇಕು. ನನ್ನ ಮೇಲೆ ಬಾಗಿದಾಗ ಮಾತ್ರ ಅವರ ಕಣ್ಣು ತನ್ನ ಮನೆಗೆ ಬಂದಂತೆ ಅಗಲವಾಗುತ್ತಿತ್ತು.

ಒಮ್ಮೆ ವಸತಿನಿಲಯದ ಹುಡುಗಿಯರಿಗೆಲ್ಲ ಹೊಟ್ಟೆನೋವು. ಶಾಲೆಯ ಮುಖ್ಯಸ್ಥೆ ದೊಡ್ಡ ಅಕ್ಕೋರು ಹಾಲಿನ ತಂಬಿಗೆ ಹಿಡಿದು ತಾವೇ ಪ್ರಯೋಗಶಾಲೆಗೆ ಬಂದರು.

"ಪ್ರಮೋದಿನಿ, ನಿಮಗ ತಿಳೀತೈತಿ. ನೋಡಿ ಹೇಳ್ರಿ."

ಹೀಗೆ ಅವರನ್ನು ಯಾರೂ ಎಂದೂ ಕೇಳಿರಲಿಲ್ಲ. ನೀರು ಬೆರೆಸಿ ತೆಳುಮಾಡಿದ ಹಾಲಿನ ಹನಿಯನ್ನು ಗಾಜಿನ ಪಟ್ಟಿಯ ಮೇಲಿಟ್ಟರು. ಸಣ್ಣ ಸಣ್ಣ ದುಂಡು ಕಣಗಳು ಒಂದೂ ನಿಂತಲ್ಲಿ ನಿಲ್ಲದೆ, ಅತ್ತ ಇತ್ತ ತತ್ತರಿಸುತ್ತಿದ್ದವು. ಪ್ರಮೋದಿನಿ ಅಕ್ಕೋರ ಕಣ್ಣು ಅರಳಿತು.

"ಜೀವ ಐತ್ರಿ! ಹುಳ!"

ಹಾಲು ಕೊಡುವ ದ್ಯಾಮವ್ವನನ್ನು ಕರೆಸಿದರು. ಎರಡು ಎಮ್ಮೆ ಸಾಕಿ, ಆ ಓಣಿಗೆಲ್ಲ ಹಾಲು ಹಾಕಿ ಬದುಕುವವಳು. "ನೀನ ನೋಡು" ಎಂದರು. ಅವಳು ಒಂದು ಕಣ್ಣು ಮುಚ್ಚಿ ಬಾಗಿದಳು. ಅಷ್ಟು ಕುತೂಹಲದ ಕಣ್ಣನ್ನು ನಾನು ಬೇರೆ ಕಂಡಿಲ್ಲ.

"ಯವ್ವಾ, ಎಷ್ಟ್ ಛಂದ ಕುಣ್ಯಾಕತ್ತಾವ್ರಿ!"

"ಕೇಳಿದ್ರಲ್ಲ, ತಾನ ಒಪ್ಪಿಕೊಂಡ್ಳು" ಎಂದರು ದೊಡ್ಡ ಅಕ್ಕೋರು.

ದ್ಯಾಮವ್ವನಿಗೆ ಏನು ಒಪ್ಪಿಕೊಂಡೆನೆಂದೇ ತಿಳಿಯಲಿಲ್ಲ. ಕಿಟಕಿಯಾಚೆ ಹಾಲು ಗಟಾರಕ್ಕೆ ಸುರಿದ ಸದ್ದು ಕೇಳಿತು. ತೋರಿಸುವುದೊಂದೇ ಬಲ್ಲ, ಹೇಳಲು ಬಾಯಿಲ್ಲದ ನನಗೆ ಮೊದಲ ಸಲ ನಾಚಿಕೆಯಾಯಿತು.

ಹಾಲು ನಿಂತರೂ ಹೊಟ್ಟೆನೋವು ನಿಲ್ಲಲಿಲ್ಲ. ನೀರಿನ ಟಾಕಿಯಿಂದ ಸತ್ತ ಪಾರಿವಾಳ ತೆಗೆದ ಮೇಲೆ ನಿಂತಿತು. ಆದರೆ ಮಾತನ್ನು ಯಾರೂ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಹುಳ ಕಂಡದ್ದು ಸುಳ್ಳೇ ಎಂದರು. ಓಣಿಯ ಮನೆಗಳೂ ದ್ಯಾಮವ್ವನ ಹಾಲು ಬಿಟ್ಟವು. ಅವಳು ಒಂದು ಎಮ್ಮೆ ಮಾರಿದಳೆಂದು ಹುಡುಗಿಯರು ಮಾತಾಡಿಕೊಂಡರು.

ಮುಂದಿನ ವರ್ಷ ಗಣಿತಕ್ಕೆ ಖಮರುನ್ನೀಸಾ ಎಂಬ ಹೊಸ ಅಕ್ಕೋರು ಬಂದರು. ಪ್ರಯೋಗಶಾಲೆಯ ಮುಂದಿನ ಪಡಸಾಲೆಯಲ್ಲಿ ಒಬ್ಬ ಹುಡುಗಿಯನ್ನು ನೆಲದ ಫರಸಿ ಕಲ್ಲಿನ ಮೇಲೆ ನಿಲ್ಲಿಸಿ ನಾಣ್ಯ ಚಿಮ್ಮಿದರು. ರಾಜ ಬಿದ್ದರೆ ಒಂದು ಕಲ್ಲು ಮುಂದೆ, ರಾಣಿ ಬಿದ್ದರೆ ಹಿಂದೆ.

"ಅಕ್ಕೋರ, ಹಿಂಗ ನಡದ್ರ ಬಸ್‌ ಸ್ಟ್ಯಾಂಡ್ ಮುಟ್ಟೂದು ಯಾವಾಗ್ರಿ?"

"ನಿನ್ನ ಬಸ್ ತಪ್ಪಿತು ಬಿಡವಾ" ಎಂದು ಅವರೂ ನಕ್ಕರು. "ಆದ್ರ ಲೆಕ್ಕ ತಪ್ಪೂದಿಲ್ಲ. ಮುಂದಿನ ಹೆಜ್ಜಿ ಎತ್ತಾಗ ಅಂತ ಯಾರಿಗೂ ಹೇಳಾಕ ಬರೂದಿಲ್ಲ. ಸರಾಸರಿ ಎಷ್ಟು ದೂರ ಹೋಗತೀ ಅಂತ ಹೇಳಬಹುದು. ಎರಡರಷ್ಟು ದೂರಕ್ಕ ನಾಕರಷ್ಟು ಹೆಜ್ಜಿ ಬೇಕು." ಊದಿನಕಡ್ಡಿಯ ವಾಸನೆ ನಿಂತ ಗಾಳಿಯಲ್ಲಿ ಹರಡುವುದು, ಮೇವು ಹುಡುಕುವ ಕೀಟ ಅಲೆಯುವುದು, ಶೇರಿನ ದರ ಏರಿಳಿಯುವುದು, ಎಲ್ಲಕ್ಕೂ ಈ ಗೊತ್ತುಗುರಿಯಿಲ್ಲದ ನಡಿಗೆಯ ಲೆಕ್ಕವೇ ದಾರಿ ತೋರಿಸಿದೆ ಎಂದರು. "ಕಣ್ಣಾರೆ ನೋಡ್ತೀರೇನು?" ಎಂದು ನನ್ನನ್ನು ತರಿಸಿದರು. ನನ್ನ ಜೊತೆ ಪ್ರಮೋದಿನಿ ಅಕ್ಕೋರೂ ಬಂದರು.

ಖಮರುನ್ನೀಸಾ ಹೊಸ್ತಿಲಿಗೆ ಬಳಿಯುವ ಕೆಮ್ಮಣ್ಣನ್ನು ನೀರಿನಲ್ಲಿ ಕಲಸಿ, ತಿಳಿಯ ಒಂದು ಹನಿ ಇಟ್ಟರು. ಮಣ್ಣಿನ ಕಣಗಳು ತತ್ತರಿಸುತ್ತಿದ್ದವು. ಅದೇ ಕುಣಿತ.

"ಮಣ್ಣಿಗೆ ಜೀವ ಇಲ್ಲ. ಕಣ್ಣಿಗೆ ಕಾಣದ ನೀರಿನ ಅಣುಗಳು ಎಲ್ಲಾ ಕಡಿಂದ ನೂಕತಾವು, ಇದು ಪಾಪ ಅತ್ತಿತ್ತ ಹೊಯ್ದಾಡತೈತಿ. ಹಾಲಿನ ಜಿಡ್ಡಿನ ಕಣಾನೂ ಹಿಂಗ."

ಹಿಂದಿನಿಂದ ಒಬ್ಬಳು ಕೇಳಿದಳು: "ಹಂಗಾರ ದ್ಯಾಮವ್ವನ ಹಾಲಿನ್ಯಾಗ ಇದ್ದದ್ದು?"

ಪ್ರಮೋದಿನಿ ಅಕ್ಕೋರು ಬಂದು ಬಾಗಿದರು. ಅಂದು ಅರಳಿದ್ದ ಕಣ್ಣು ಇಂದು ನೋಡಿಯೂ ಮೇಲೇಳಲಿಲ್ಲ. ಎದ್ದರೆ ಹುಡುಗಿಯರ ಮುಖ ನೋಡಬೇಕಿತ್ತು.

ಆ ಸಂಜೆ ಅವರು ನನ್ನನ್ನು ಸೆರಗಿನಡಿ ಮುಚ್ಚಿಕೊಂಡು ದ್ಯಾಮವ್ವನ ಮನೆಗೆ ನಡೆದರು. ಎದುರು ಯಾರಾದರೂ ಬಂದರೆ ಗೋಡೆಯ ಪಕ್ಕ ಸರಿಯುತ್ತಿದ್ದರು. ಕೊಟ್ಟಿಗೆಯಲ್ಲಿ ಒಂದು ಗೂಟ ಬರಿದಾಗಿತ್ತು.

"ದ್ಯಾಮವ್ವ, ಹುಳ ಅಲ್ಲವಾ ಅವು. ನನ್ನ ತಪ್ಪಾತು. ಬಾ, ತೋರಸ್ತೀನಿ."

ದ್ಯಾಮವ್ವ ಸಗಣಿಯ ಕೈ ತೊಳೆಯುತ್ತಲೇ ಹೇಳಿದಳು: "ನನಗ್ಯಾಕ್ರಿ ಅಕ್ಕೋರ? ನಾ ಅವತ್ತ ನೋಡೀನಿ. ಹುಳ ಅಂತ ನಾ ಅಂದಿದ್ದಿಲ್ಲ, ಕುಣೀತಾವು ಅಂದಿದ್ದೆ. ಅವತ್ತ ಯಾರಿಗೆ ಹೇಳಿದ್ರಿ, ಅವರಿಗೆ ತೋರಸ್ರಿ."

ಮರುದಿನದಿಂದ ಸಂಜೆ ಓಣಿಯ ಕಟ್ಟೆಕಟ್ಟೆಗೂ ನಾನು ಹೋದೆ. "ತಪ್ಪು ಹೇಳಿದ್ದೆ" ಎಂಬ ಮಾತಿಗೆ ಬರುವಾಗಲೆಲ್ಲ ಅಕ್ಕೋರು ನನ್ನ ಮೇಲೆ ಬಾಗಿ ಮಸೂರ ಸರಿಮಾಡುತ್ತಿದ್ದರು. ಕೆಲವರು ನೋಡಿದರು, ಮತ್ತೆ ದ್ಯಾಮವ್ವನ ಹಾಲು ಕೊಳ್ಳತೊಡಗಿದರು. "ಇಲ್ಲದ್ದು ನೀವ್ಯಾಕ ಹೇಳ್ತಿದ್ರಿ ಅಕ್ಕೋರ, ಏನೋ ಇದ್ದೀತು ಬಿಡ್ರಿ" ಎಂದು ಕೆಲವರು ಬಾಗಿಲಿಂದಲೇ ಕಳಿಸಿದರು. ಎಷ್ಟೋ ಜನ ಹುಳದ ಮಾತನ್ನು ಹೊತ್ತು ಬೇರೆ ಊರಿಗೇ ಹೋಗಿದ್ದರು. ನೆಲದ ಮೇಲೆ ಗೊತ್ತುಗುರಿಯಿಲ್ಲದೆ ಅಲೆಯುವುದು ಎಂದಾದರೊಮ್ಮೆ ಹೊರಟಲ್ಲಿಗೇ ಬರುತ್ತದೆ, ಗಾಳಿಯಲ್ಲಿ ಅಲೆಯುವುದು ಬಾರದೆಯೂ ಹೋಗಬಹುದು, ಅದಕ್ಕೂ ಲೆಕ್ಕವಿದೆ ಎಂದು ಖಮರುನ್ನೀಸಾ ಹೇಳಿದ್ದರು. ಆಡಿದ ಮಾತು ಯಾವುದರ ಮೇಲೆ ಅಲೆಯುತ್ತದೆಂದು ನಾನು ಅರಿಯೆ. ಕೊಟ್ಟಿಗೆಯ ಆ ಗೂಟಕ್ಕೆ ಮತ್ತೆ ಎಮ್ಮೆ ಬರಲಿಲ್ಲ.

ಈಗ ನನ್ನ ಮಸೂರಕ್ಕೆ ಬೂಷ್ಟು ಹಿಡಿದಿದೆ. ಕಪಾಟಿನ ಮೂಲೆಯಲ್ಲಿದ್ದೇನೆ. ಆದರೂ ವರ್ಷಕ್ಕೊಮ್ಮೆ ಪ್ರಮೋದಿನಿ ಅಕ್ಕೋರು ನನ್ನನ್ನು ತೆಗೆದು, ದ್ಯಾಮವ್ವನ ಹಾಲಿನ ಹನಿ ಇಟ್ಟು, ಹೊಸ ಹುಡುಗಿಯರನ್ನು ಸಾಲಾಗಿ ಕರೆಯುತ್ತಾರೆ.

"ಏನ್ ಕಾಣತೈತಿ?"

ಮಂಜುಗಟ್ಟಿದ ನನ್ನ ಮೂಲಕ ಒಂದು ಎಳೆಯ ಕಣ್ಣು ಬಹಳ ಹೊತ್ತು ನೋಡುತ್ತದೆ.

"ಏನೋ ಅಲಗಾಡಾಕತ್ತೈತ್ರಿ."

"ಏನದು?"

"ಗೊತ್ತಿಲ್ರಿ ಅಕ್ಕೋರ."

"ಹಾಂ, ಅಷ್ಟ ಹೇಳು," ಎನ್ನುತ್ತಾರೆ ಅವರು. "ಕಂಡಷ್ಟ ಹೇಳು."