ಗಿರಣಿಗೆ ಹೋಗದ ಚಾಕೊಲೇಟ್

ತ್ಲಾಕೊಲೂಲಾ ಪಟ್ಟಣದ ಸಂತೆಯಿಂದ ಟೊಮೆಟೊ ತರುತ್ತೇನೆಂದು ಹೋದ ನನ್ನ ಮಗ ಎಲಾದಿಯೊ, ನೆರೇಯಾಳನ್ನು ಕರೆದುಕೊಂಡು ಬಂದ. ಟೊಮೆಟೊ ಮರೆತಿದ್ದ. ಹುಡುಗಿ ಹೀಗೆ ಓಡಿಬಂದರೆ ನಮ್ಮಲ್ಲಿ ಯಾರೂ ಮಚ್ಚು ಹಿಡಿಯುವುದಿಲ್ಲ. ಹುಡುಗನ ತಾಯಿ ಕೈಯಾರೆ ಚಾಕೊಲೇಟ್ ಅರೆದು, ಹೊತ್ತುಕೊಂಡು ಹೋಗಿ, ಹುಡುಗಿಯ ಮನೆಯ ದೇವರ ಮುಂದೆ ಮಂಡಿಯೂರಿ ಹಿರಿಯರನ್ನು ಸಮಾಧಾನ ಮಾಡಬೇಕು. ಘನಕಾರ್ಯ ಮಗನದು, ಮಂಡಿ ತಾಯಿಯದು.

ಸಮಾಧಾನವಾಗಬೇಕಾದವಳು ನೆರೇಯಾಳ ಅಜ್ಜಿ ಹೆನೊವೆವಾ. ಅರೆಕಲ್ಲಿನ ಮುಂದೆ ಮಂಡಿಯೂರಿ ಅರೆದದ್ದೇ ಚಾಕೊಲೇಟ್, ಗಿರಣಿಯದು ಹಂದಿಗೆ ಎಂದು ನಲವತ್ತು ವರ್ಷದಿಂದ ಊರಿಗೆಲ್ಲ ಉಪದೇಶ ಮಾಡುತ್ತಾ ಬಂದಿರುವ ಮುದುಕಿ. ಹೋದ ವರ್ಷ ಹೀಗೇ ಓಡಿಹೋದ ಇನ್ನೊಬ್ಬ ಮೊಮ್ಮಗಳ ಗಂಡಿನ ಕಡೆಯವರು ತಂದದ್ದನ್ನು ಒಂದು ಗುಟುಕು ಕುಡಿದು, "ಗಿರಣಿ ವಾಸನೆ" ಎಂದು ಬಟ್ಟಲು ಬೋರಲು ಹಾಕಿದ್ದಳು. ಆ ಹುಡುಗಿ ಹನ್ನೊಂದನೇ ದಿನಕ್ಕೆ ತವರಿಗೆ ವಾಪಸಾದಳು.

"ಅಮ್ಮಾ, ಅವರ ಮನೆಯವರು ನೆರೇಯಾನ ವಾಪಸ್ ಕರಕೊಂಡು ಹೋದ್ರೆ ನಾನೂ ಅವಳ ಹಿಂದೇನೇ ಹೋಗ್ತೀನಿ," ಅಂದ ಎಲಾದಿಯೊ.

"ಹೋಗು. ಮುದುಕಿ ನಿನ್ನನ್ನ ಕತ್ತೆ ಪಕ್ಕ ಕಟ್ಟಿಹಾಕ್ತಾಳೆ."

ಬಾಯಲ್ಲಿ ಹಾಗೆಂದರೂ ನನಗೂ ಭಯವಿತ್ತು. ಹುಡುಗಿ ನನಗೆ ಹಿಡಿಸಿಬಿಟ್ಟಿದ್ದಳು. ಬಂದ ಮರುದಿನವೇ ನಮ್ಮ ಹುಂಜಕ್ಕೆ ಬೈದು ಗೂಡಿಗೆ ಸೇರಿಸಿದ್ದಳು. ಅದು ನನ್ನ ಮಾತನ್ನು ಒಂದು ದಿನವೂ ಕೇಳಿದ್ದಿಲ್ಲ.

ಕೋಕೋ ಬೀಜವನ್ನು ಮಣ್ಣಿನ ಹೆಂಚಿನಲ್ಲಿ ಹುರಿದು, ಸಿಪ್ಪೆ ಬಿಡಿಸಿ ತೂರಿದೆ. ಅರೆಕಲ್ಲಿನ ಕೆಳಗೆ ಕೆಂಡ ಇಟ್ಟು ಮಂಡಿಯೂರಿದೆ. ಎರಡು ಹಿಡಿ ಅರೆಯುವಷ್ಟರಲ್ಲಿ ಬಲ ಮಂಡಿ ಕಟಕ್ ಎಂದಿತು. ಗೋಡೆಯ ಮೇಲಿದ್ದ ಮಾತೆ ಮರಿಯಳನ್ನು ಕರೆದು, ಅವಳ ಮುಂದೆ ಆಡಬಾರದ ಮಾತನ್ನೆಲ್ಲ ಆಡಿದೆ. ಸೊಸೆಯಾಗುವವಳು ಅದನ್ನು ಅರೆಯುವಂತಿಲ್ಲ. ಮಗನ ಕೈಗೆ ಕೊಟ್ಟರೆ ಊರು ನಗುತ್ತದೆ. ಬೀಜವನ್ನು ಶಾಲಿನಡಿ ಮುಚ್ಚಿಕೊಂಡು ಕುಂಟುತ್ತಾ ನಾಬೋರನ ಗಿರಣಿಯ ಹಿಂಬಾಗಿಲಿಗೆ ಹೋದೆ.

"ಮೊದಲ ಹಿಡಿ ಬಿಟ್ಬಿಡಕ್ಕಾ. ಈಗಷ್ಟೇ ಬೇರೆಯವರ ಕೋಕೋ ಅರೆದಿದೀನಿ, ಕಲ್ಲಲ್ಲಿ ಅಂಟಿರುತ್ತೆ," ಅಂದ ನಾಬೋರ್.

"ಯಾರದ್ದು?"

"ಹೇಳಲ್ಲ. ನೀನು ಬಂದಿದ್ದನ್ನೂ ಹೇಳಲ್ಲ."

ಕೋಕೋ ಬಿಸಾಡುವ ಜಾಯಮಾನ ನನ್ನದಲ್ಲ. ಸಕ್ಕರೆ, ಚಕ್ಕೆ ಸೇರಿಸಿ ಅರೆಸಿಕೊಂಡು ಬಂದು, ಆ ಮೊದಲ ಹಿಡಿಯನ್ನೇ ದಪ್ಪ ಬಿಲ್ಲೆಯಾಗಿ ತಟ್ಟಿದೆ. ದಪ್ಪನೆಯದು ಮುದುಕಿಗಿರಲಿ ಎಂದುಕೊಂಡೆ.

ಮರುದಿನ ಹೆನೊವೆವಾಳ ದೇವರ ಮುಂದೆ ನಾವು ಮೂವರೂ ಮಂಡಿಯೂರಿದೆವು. ಅವಳ ಸೊಸೆ ಆ ಬಿಲ್ಲೆಯನ್ನು ಬಿಸಿನೀರಿಗೆ ಹಾಕಿ, ಕಡಗೋಲಿನಲ್ಲಿ ನೊರೆಯೆಬ್ಬಿಸಿ ಕೊಟ್ಟಳು. ಮುದುಕಿ ಒಂದು ಗುಟುಕು ಕುಡಿದು ಕಣ್ಣು ಕಿರಿದು ಮಾಡಿದಳು.

"ಇದರಲ್ಲಿ ಕಾಳುಮೆಣಸಿದೆ."

"ನಾನು ಹಾಕಿಲ್ಲ ಅಜ್ಜಿ."

"ನಂಗೊತ್ತಿಲ್ವೇನೇ? ಈ ಊರಲ್ಲಿ ಚಾಕೊಲೇಟಿಗೆ ಮೆಣಸು ಹಾಕೋದು ನಮ್ಮನೇಲಿ ಮಾತ್ರ. ಇದು ನಮ್ಮ..." ಎಂದವಳು ಗಪ್ಪನೆ ಬಾಯಿ ಮುಚ್ಚಿದಳು.

ನನಗೆ ನಾಬೋರನ ಕಲ್ಲು ನೆನಪಾಯಿತು. ಅವಳಿಗೂ ಆಗಿರಬೇಕು. ಅವಳ ಸೊಸೆ ಸೂರಿನಲ್ಲಿ ಜೇಡ ಹುಡುಕತೊಡಗಿದಳು. ನನ್ನದು ಗಿರಣಿಯದು ಎಂದರೆ ಮುದುಕಿ ತನ್ನದೂ ಅಲ್ಲಿಯದೇ ಎಂದು ಒಪ್ಪಬೇಕು. ನೆರೇಯಾ ನನ್ನ ಶಾಲಿನ ತುದಿ ಹಿಡಿದಿದ್ದಳು.

"ಕೈಯಾರೆ ಅರೆದದ್ದಾ?" ಮುದುಕಿ ಕೇಳಿದಳು.

"ನಿಮ್ಮನೇಲಿ ಹೇಗೆ ಅರೀತಾರೋ ಹಾಗೇ ಅರೆದದ್ದು."

ಅವಳು ಬಟ್ಟಲನ್ನು ಎತ್ತಿ ತಳದ ಗಷ್ಟಿನವರೆಗೂ ಕುಡಿದಳು. ಮೀಸೆಯಂತೆ ಅಂಟಿದ್ದ ನೊರೆ ಒರೆಸಿಕೊಂಡಳು.

"ಹುಡುಗಿ ನಿಮ್ಮನೇಲೇ ಇರ್ಲಿ," ಅಂದಳು. ಆಮೇಲೆ ನನ್ನ ಕಿವಿಯ ಹತ್ತಿರ ಬಗ್ಗಿ, "ಯಾವ ಮಂಡಿ?"

"ಬಲಗಡೇದು."

"ನಂದು ಎರಡೂ," ಎಂದು ನನ್ನನ್ನು ಎಬ್ಬಿಸಲು ಕೈ ಚಾಚಿದಳು. ನಾನು ಹಿಡಿದು ಎಳೆದೆ. ಮುದುಕಿಯೂ ಮುಗ್ಗರಿಸಿ ನನ್ನ ಪಕ್ಕಕ್ಕೇ ಬಂದು ಕೂತಳು. ಕೊನೆಗೆ ಮಕ್ಕಳಿಬ್ಬರೂ ಸೇರಿ ನಮ್ಮಿಬ್ಬರನ್ನೂ ಎಬ್ಬಿಸಬೇಕಾಯಿತು.