ಕಪ್ಪಾದ ಚೀಟಿ

ಇಸ್ತ್ರಿ ಅಂಗಡಿಯವನನ್ನು ಬೀದಿಯವರೆಲ್ಲ ಗೆರೆಯಣ್ಣ ಎಂದೇ ಕರೆಯುತ್ತಿದ್ದರು. ಅವನು ಪ್ಯಾಂಟಿಗೆ ಎಳೆದ ಗೆರೆ ಮಳೆಯಲ್ಲಿ ನೆನೆದರೂ ಅಳಿಸುವುದಿಲ್ಲ ಎನ್ನುವುದು ಅರ್ಧ ಹೊಗಳಿಕೆ, ಅರ್ಧ ತಮಾಷೆ. ಸುಕ್ಕು ಕಂಡರೆ ಅವನಿಗೆ ಆಗುತ್ತಿರಲಿಲ್ಲ. ಬಟ್ಟೆಯದು ಹಾಗಿರಲಿ, ಮಡಿಸಿದ ಪೇಪರು, ಮದುವೆ ಕಾಗದ, ಮಗಳ ಅಂಕಪಟ್ಟಿ, ಏನು ಕೈಗೆ ಬಂದರೂ ಇಸ್ತ್ರಿ ಪೆಟ್ಟಿಗೆ ಆಡಿಸಿಬಿಡುತ್ತಿದ್ದ. "ನನ್ನ ಮುಖ ಒಂದನ್ನ ಬಿಟ್ಟಿದೀರಲ್ಲ, ನಿಮ್ಮ ಪುಣ್ಯ," ಎಂದು ಹೆಂಡತಿ ನಗುತ್ತಿದ್ದಳು.

ಹತ್ತು ದಿನದಿಂದ ಅವಳು ನಕ್ಕಿರಲಿಲ್ಲ. ಎಡಗಡೆಯ ಎದೆಯಲ್ಲಿದ್ದ ಗಂಟು ಕ್ಯಾನ್ಸರ್ ಎಂದು ವರದಿ ಬಂದಿತ್ತು.

ಸುದ್ದಿ ತಿಳಿದದ್ದೇ ತಡ, ಕೂತವರು ನಿಂತವರೆಲ್ಲ ವೈದ್ಯರಾದರು. ಗೆರೆಯಣ್ಣನ ಅಕ್ಕನ ಪ್ರಕಾರ ಬೀದಿ ಕೊನೆಯ ನರ್ಸಿಂಗ್ ಹೋಮೇ ಸರಿ. ಅಲ್ಲಿನ ಡಾಕ್ಟರ ಬಿಳಿ ಕೋಟುಗಳಿಗೆ ಇಸ್ತ್ರಿ ಹಾಕುತ್ತಿದ್ದವನು ಗೆರೆಯಣ್ಣನೇ. "ಸೋಮವಾರ ಗಂಟು ತೆಗೆದುಬಿಡೋಣ, ಮೂರೇ ದಿನಕ್ಕೆ ಮನೆಗೆ," ಎಂದು ಅವರು ಹೇಳಿದ್ದರು. ಹೆಂಡತಿಯ ತಮ್ಮ, ಮುದ್ರಣಾಲಯದಲ್ಲಿ ಕೆಲಸ ಮಾಡುವವನು, ಮಾತ್ರ ಪಟ್ಟು ಬಿಡಲಿಲ್ಲ. ರೈಲಿನಲ್ಲಿ ಆರು ಗಂಟೆ ದೂರದ ದೊಡ್ಡ ಕ್ಯಾನ್ಸರ್ ಆಸ್ಪತ್ರೆಗೇ ಹೋಗಬೇಕು, ಮೈಯೆಲ್ಲ ಪರೀಕ್ಷೆ ಮಾಡಿ, ಬೇರೆಲ್ಲಾದರೂ ಹರಡಿದೆಯೇ ನೋಡಿ, ಆಮೇಲೆ ಏನು ಮಾಡುವುದೆಂದು ಅವರು ಹೇಳುತ್ತಾರೆ ಎಂದ.

ಹರಡಿದೆಯೇ. ಆ ಒಂದು ಮಾತು ಗೆರೆಯಣ್ಣನ ತಲೆಯೊಳಗೆ ಕೂತುಬಿಟ್ಟಿತು. ಅನ್ನ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ. ನರ್ಸಿಂಗ್ ಹೋಮಿನ ಡಾಕ್ಟರು ಆ ಮಾತೇ ಎತ್ತಿರಲಿಲ್ಲ. ಅದಕ್ಕೇ ಅವರು ದೇವರಂತೆ ಕಂಡರು.

ಒಂದು ದಿನ ಮಧ್ಯಾಹ್ನ ಭಾವಮೈದ ರೈಲಿಳಿದು, ಗಂಡ ಹೆಂಡತಿ ಇಬ್ಬರೂ ಇದ್ದ ಅಂಗಡಿಗೇ ನೇರ ಬಂದ. ಹಿಂದಿನ ದಿನ ನಸುಕಿನಿಂದ ಸಾಲಿನಲ್ಲಿ ನಿಂತು, ದೊಡ್ಡ ಆಸ್ಪತ್ರೆಯ ಯಂತ್ರ ಉಗುಳಿದ ಒಂದು ನುಣುಪು ಚೀಟಿ ತಂದಿದ್ದ. ಅದರ ಮೇಲೊಂದು ನಂಬರು.

"ಅಕ್ಕಾ, ಇವತ್ತು ನಾಲ್ಕು ಗಂಟೆಯೊಳಗೆ ಫೋನ್ ಮಾಡಿ ಈ ನಂಬರ್ ಹೇಳ್ಬೇಕು. ಹೇಳಿದ್ರೆ ಗುರುವಾರಾನೇ ನೋಡ್ತಾರೆ. ತಪ್ಪಿದ್ರೆ ಇನ್ನು ಆರು ವಾರ. ಭಾವ, ನೀವಿಬ್ರೂ ಮಾತಾಡ್ಕೊಂಡು ಮಾಡಿ. ಸಂಜೆವರೆಗೂ ನನ್ನ ಫೋನ್ ಪ್ರೆಸ್ಸಿನ ಲಾಕರಲ್ಲಿರುತ್ತೆ."

ಅವನು ಕೆಲಸಕ್ಕೆ ಓಡಿದ. ಅವಳು ಚೀಟಿಯನ್ನು ಒಮ್ಮೆ ನೋಡಿ ಗಂಡನ ಕೈಗೆ ಕೊಟ್ಟಳು. "ಇಟ್ಕೊಂಡಿರಿ. ಈ ಬಟ್ಟೆ ಗಂಟುಗಳನ್ನ ಮನೆಮನೆಗೆ ಮುಟ್ಟಿಸಿ ಬರ್ತೀನಿ. ಬಂದಮೇಲೆ ಫೋನ್ ಮಾಡೋಣ." ಇನ್ನೂರು ಮನೆಯ ಬಟ್ಟೆಗಳಲ್ಲಿ ಯಾವ ಗಂಟು ಯಾವ ಮನೆಯದೆಂದು ಅವಳು ಎಂದೂ ಬರೆದಿಟ್ಟವಳಲ್ಲ. ಎಲ್ಲವೂ ತಲೆಯಲ್ಲೇ.

ಗೆರೆಯಣ್ಣ ಚೀಟಿಯನ್ನು ಮುಷ್ಟಿಯಲ್ಲಿ ಹಿಡಿದು ನಿಂತ. ಗಡಿಯಾರದಲ್ಲಿ ಎರಡೂವರೆ. ಒಂದು ಅಂಗಿ ಮುಗಿಸಿದ, ಮತ್ತೆ ಗಡಿಯಾರ ನೋಡಿದ. ಬೆವರಿಗೆ ಚೀಟಿ ಮುದುರಿತ್ತು. ಅದನ್ನು ಮೇಜಿನ ಮೇಲೆ ಬಿಡಿಸಿಟ್ಟು, ಹೆಬ್ಬೆರಳಿನಿಂದ ತೀಡಿದ. ಸುಕ್ಕು ಹೋಗಲಿಲ್ಲ. ಪೆಟ್ಟಿಗೆ ಕೈಯಲ್ಲೇ ಇತ್ತು.

ಮೂರೂಮುಕ್ಕಾಲಿಗೆ ಅವಳು ಬಂದಾಗ ಅವನು ಸ್ಟೂಲಿನಲ್ಲಿ ತಲೆ ಮೇಲೆ ಕೈಹೊತ್ತು ಕೂತಿದ್ದ.

"ಕೆಟ್ಟುಹೋಯ್ತು ಕಣೇ. ಸುಕ್ಕಾಗಿತ್ತು ಅಂತ... ಅಭ್ಯಾಸ ನೋಡು, ಹಾಳು ಕೈ." ಮೇಜಿನ ಮೇಲಿದ್ದ ಚೀಟಿ ಈ ಅಂಚಿನಿಂದ ಆ ಅಂಚಿನವರೆಗೂ ಕಪ್ಪಾಗಿತ್ತು. ಒಂದು ಅಕ್ಷರವೂ ಕಾಣುತ್ತಿರಲಿಲ್ಲ. "ಹಣೆಬರಹ ಅಂದ್ಕೊಳ್ಳೋಣ. ಸೋಮವಾರ ಇಲ್ಲೇ ಮಾಡಿಸಿಬಿಡೋಣ."

ಅವಳು ಬಗ್ಗಿ, ಮೇಜಿನ ಕೆಳಗಿದ್ದ ತಗಡಿನ ಡಬ್ಬಿ ತೆಗೆದು ಅವನ ಮುಂದೆ ಇಟ್ಟಳು.

"ಇದರಲ್ಲಿ ಏನಿದೆ ರೀ?"

"ಜೇಬಲ್ಲಿ ಸಿಕ್ಕ ಬಿಲ್ಲುಗಳು."

"ಇಸ್ತ್ರಿ ಹಾಕೋ ಮುಂಚೆ ಯಾಕೆ ತೆಗೆದಿಡ್ತೀರಿ?"

ಅವನು ಡಬ್ಬಿಯನ್ನು ಆಚೆಗೆ ಸರಿಸಿದ.

"ಹೇಳಿ."

"ಈ ನುಣುಪು ಕಾಗದ... ಬಿಸಿ ತಾಗಿದ್ರೆ ಕಪ್ಪಾಗುತ್ತೆ ಅಂತ."

"ಎಷ್ಟು ವರ್ಷದಿಂದ ಗೊತ್ತು?"

ಪೆಟ್ಟಿಗೆ ಇಳಿಸುವಾಗ ತನಗೆ ಗೊತ್ತಿತ್ತೋ ಇಲ್ಲವೋ ಎಂದು ಆಗಿನಿಂದ ಅವನು ತನ್ನನ್ನೇ ಕೇಳಿಕೊಳ್ಳುತ್ತಿದ್ದ. ಗೊತ್ತಿತ್ತು. "ಹರಡಿದೆ ಅಂದ್ಬಿಟ್ರೆ ನಾನೇನು ಮಾಡ್ಲೇ? ಅದನ್ನ ಕೇಳಿ ನಾನು ಹೇಗಿರ್ಲಿ?"

"ನೀವು ಕೇಳಬಾರದು ಅಂತ ನಾನು ಸಾಯ್ಬೇಕಾ?" ಎಂದಳು ಅವಳು. "ನನಗೆ ಭಯ ಇಲ್ವಾ? ಸ್ನಾನಕ್ಕೆ ಹೋದಾಗೆಲ್ಲ ಕೈ ಅಲ್ಲಿಗೇ ಹೋಗುತ್ತೆ, ಬಾಯಿಗೆ ಸೆರಗು ಒತ್ತಿಕೊಂಡು ಅಳ್ತೀನಿ. ಹುತ್ತ ಬಡಿದ್ರೆ ಹಾವು ಸಾಯುತ್ತೇನ್ರೀ? ಗಂಟು ಕೊಯ್ದು ಮನೆಗೆ ಕಳಿಸಿದ್ರೆ, ಒಳಗಿರೋದು ನಿಮ್ಮ ಡಾಕ್ಟರ ಕೋಟು ನೋಡಿ ಹೆದರಿ ಓಡುತ್ತಾ?"

ಗಡಿಯಾರ ನಾಲ್ಕಕ್ಕೆ ಹತ್ತು ನಿಮಿಷ ತೋರಿಸುತ್ತಿತ್ತು. ಅವಳು ಫೋನು ತೆಗೆದು, ತಮ್ಮ ಅದರಲ್ಲಿ ಸೇರಿಸಿಟ್ಟಿದ್ದ ಆಸ್ಪತ್ರೆಯ ನಂಬರು ಒತ್ತಿದಳು. ಕಾಯಿರಿ, ಕಾಯಿರಿ ಎಂದು ಯಂತ್ರ ಹೇಳುತ್ತಲೇ ಇತ್ತು. ಐದು ನಿಮಿಷ ಹೋಯಿತು, ಏಳು ನಿಮಿಷ ಹೋಯಿತು. ಕಡೆಗೆ ಆ ಕಡೆ ಒಂದು ಹೆಣ್ಣಿನ ದನಿ ಚೀಟಿಯ ನಂಬರು ಕೇಳಿತು.

ಅವಳು ಕಣ್ಣು ಮುಚ್ಚಿದಳು. "ಏಳು, ನಾಲ್ಕು, ಎರಡು. ಒಂಬತ್ತು, ಸೊನ್ನೆ, ಆರು."

ಗೆರೆಯಣ್ಣ ಬೆಚ್ಚಿ ತಲೆ ಎತ್ತಿದ. ಒಂದೇ ಸಲ ನೋಡಿದ್ದಳು.

"ಹೌದಮ್ಮಾ, ಗುರುವಾರ... ಹ್ಞೂಂ, ಮೊದಲು ಅದನ್ನೇ ನೋಡಿ. ಎಲ್ಲೆಲ್ಲಿ ಹರಡಿದೆಯೋ ನೋಡಿ, ಇದ್ದದ್ದು ಇದ್ದಹಾಗೆ ನನಗೇ ಹೇಳಿ." ಆಮೇಲೆ ಆ ಕಡೆಯಿಂದ ಇನ್ನೊಂದು ಪ್ರಶ್ನೆ ಬಂತು. ಅವಳು ಗಂಡನನ್ನು ಬಹಳ ಹೊತ್ತು ನೋಡಿದಳು. ಅವನು ಕೈಮುಗಿದು ಕೂತಿದ್ದ.

"ಜೊತೆಗೆ ನಮ್ಮನೆಯವರು ಬರ್ತಾರೆ," ಎಂದಳು. "ನನ್ನ ತಮ್ಮಾನೂ ಬರ್ತಾನೆ. ಕಾಗದ ಪತ್ರ ಎಲ್ಲ ಅವನ ಕೈಲಿರುತ್ತೆ."