ಮಳೆಗಾಲದಲ್ಲಿ ಹಳದಿಯಾದ ಮರ

ನಮ್ಮ ರಸ್ತೆಯ ತಿರುವಿನ ಮರದ ಎಲೆಗಳು ಹಳದಿಯಾಗುತ್ತಿರುವುದನ್ನು ಮೊದಲು ಗಮನಿಸಿದ್ದು ನಾನೇ ಎಂದುಕೊಂಡಿದ್ದೆ. ಬೇಸಿಗೆಯಾಗಿದ್ದರೆ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಇದು ಮಳೆ ಹಿಡಿದ ನಾಲ್ಕನೆಯ ವಾರ. ಆ ಹೊತ್ತಿಗೆ ನಮ್ಮಲ್ಲಿ ಕಾಂಪೌಂಡ್ ಗೋಡೆಗೂ ಹಸಿರು ಹತ್ತಿರುತ್ತದೆ. ಮರೆತು ಹೊರಗೆ ಬಿಟ್ಟ ಚಪ್ಪಲಿಯ ಮೇಲೆ ಪಾಚಿ ಕೂರುತ್ತದೆ. ಲೈಟು ಕಂಬದ ಬುಡದಲ್ಲಿ ಜರಿಗಿಡ ಸುರುಳಿ ಬಿಚ್ಚುತ್ತದೆ. ಕಲ್ಲು ಕೂಡ ಚಿಗುರೀತು ಅನ್ನಿಸುವ ಕಾಲದಲ್ಲಿ ಅಷ್ಟು ದೊಡ್ಡ ಮರ ಒಂದು ಮಗ್ಗುಲಿನಿಂದ ಬಾಡುತ್ತಿತ್ತು.

ನಾನು ದಿನಾ ಬೆಳಗ್ಗೆ ಆರಕ್ಕೆ ಕೊಡೆ ಹಿಡಿದು ನಡೆಯಲು ಹೋಗುತ್ತೇನೆ. ಡಾಕ್ಟರು ಹೇಳಿದ್ದು ಸಕ್ಕರೆ ಕಾಯಿಲೆಗಾಗಿ. ನಾನು ಹೋಗುವುದು ಆ ಮುಕ್ಕಾಲು ಗಂಟೆ ಯಾರೂ ನನ್ನನ್ನು ಏನೂ ಕೇಳುವುದಿಲ್ಲ ಎಂಬ ಆಸೆಗೆ. ಮೋರಿಯ ಅಂಚಿನಲ್ಲಿ ಹೊಸದಾಗಿ ಎದ್ದ ಅಣಬೆ, ಯಾರದೋ ಗೇಟಿನ ಮೇಲೆ ಬಸವನಹುಳು ಎಳೆದು ಹೋದ ಗೆರೆ, ನೀರು ನಿಂತ ಗುಂಡಿಯಲ್ಲಿ ಕಪ್ಪೆಮರಿಗಳು ನಿನ್ನೆಗಿಂತ ಎಷ್ಟು ದಪ್ಪವಾದವು, ಎಲ್ಲ ನೋಡಿಕೊಂಡು ಹೋಗಿ, ತಿರುವಿನ ಮರವನ್ನು ಅಂಗೈಯಿಂದ ಮುಟ್ಟಿ ವಾಪಸು ಬರುತ್ತೇನೆ. ಆ ಮರದ ಹೆಸರು ಕೇಳಿದರೆ ಮೂವರು ಮೂರು ಹೆಸರು ಹೇಳಿದ್ದರು. "ಹೆಸರು ಗೊತ್ತಾಗಿ ಏನಾಗ್ಬೇಕು, ಅದಕ್ಕೆ ಕಾಗದ ಬರೀತೀಯಾ?" ಎಂದು ನಮ್ಮವರು ನಕ್ಕಿದ್ದರು.

ನಮ್ಮವರು ಬಡಗಿ. ಮನೆಯ ಮುಂದಿನ ಅರ್ಧ ಅವರ ಶೆಡ್ಡು, ಹಿಂದಿನ ಅರ್ಧ ಸಂಸಾರ. ಕೊಯ್ಯುವುದು, ಕೂಡಿಸುವುದು ಅವರದು. ಉಪ್ಪುಕಾಗದ ಹಿಡಿದು ಉಜ್ಜುವುದು, ಪಾಲಿಶ್ ಹಚ್ಚುವುದು ಇಪ್ಪತ್ತೆರಡು ವರ್ಷದಿಂದ ನನ್ನದು. ಅದಕ್ಕೇ ಇರಬೇಕು, ಮರ ಕಂಡರೆ ನನಗೆ ನೋಡುವುದಕ್ಕಿಂತ ಮುಟ್ಟುವುದು ಮೊದಲು.

ಮರದ ಎದುರಿಗೇ ಟೀಚರ ಮನೆ. ನಿವೃತ್ತರಾಗಿ ಆರು ವರ್ಷವಾದರೂ ಇಡೀ ರಸ್ತೆಗೆ ಅವರು ಟೀಚರೇ. ಮರದ ಮೇಲೆ ಅವರಿಗೆ ಹಳೆಯ ಸಿಟ್ಟು. ಎಲೆ ಬಿದ್ದು ಸೂರಿನ ಪೈಪು ಕಟ್ಟಿಕೊಳ್ಳುತ್ತದೆ, ನೀರು ನಡುಮನೆಗೆ ಇಳಿಯುತ್ತದೆ. "ಈ ಮರ ಬಿದ್ದ ದಿನ ಇಡೀ ಬೀದಿಗೆ ಸಿಹಿ ಹಂಚ್ತೀನಿ ನೋಡ್ತಿರಿ" ಎಂದು ಹೋದ ವರ್ಷ ಏಣಿಯ ಮೇಲೆ ನಿಂತು ಕೂಗಿದ್ದನ್ನು ನಾನು ಮರೆತಿರಲಿಲ್ಲ.

ಒಂದು ಬೆಳಗ್ಗೆ ಮಂಜಿನಲ್ಲಿ ಮರದ ಬುಡದಲ್ಲಿ ಯಾರೋ ಬಗ್ಗಿ ನಿಂತಿದ್ದು ಕಂಡಿತು. ಹತ್ತಿರ ಹೋದೆ. ಟೀಚರು. ನನ್ನನ್ನು ಕಂಡವರೇ ಕೈಯಲ್ಲಿದ್ದದ್ದನ್ನು ರೇನ್‌ಕೋಟಿನ ಒಳಗೆ ತುರುಕಿಕೊಂಡರು.

"ಏನ್ ಟೀಚರ್, ಇಷ್ಟು ಬೇಗ?"

"ಯಾಕೆ, ಬೆಳಗ್ಗೆ ಏನು ನಿಮ್ಮೊಬ್ಬರಿಗೇ ಬರೆದುಕೊಟ್ಟಿದ್ದಾರಾ?"

"ಮರ ಹಳದಿ ಆಗ್ತಿದೆ, ನೋಡಿದ್ರಾ?"

"ನನಗೂ ಕಣ್ಣಿದೆ" ಎಂದು ನನ್ನ ಕೊಡೆ, ನನ್ನ ಕೈ, ನನ್ನ ಚಪ್ಪಲಿಯ ಕೆಸರು ಎಲ್ಲ ಒಮ್ಮೆ ನೋಡಿ ಸರಸರ ಹೊರಟುಹೋದರು. ಅವರ ಜಗಲಿಯ ಕಿಟಕಿಯಲ್ಲಿ ಒಂದು ಕಂದು ಬಾಟಲಿ ಇತ್ತು, ಚೀಟಿ ಕಿತ್ತದ್ದು.

ಇನ್ನೇನು ಬೇಕು? ಆಮೇಲಿನ ಹತ್ತು ದಿನ ನಾನು ನಡೆದದ್ದು ನಡಿಗೆಯಲ್ಲ, ಪಹರೆ. ಅಣಬೆ ಕಣ್ಣಿಗೆ ಬೀಳಲಿಲ್ಲ. ಕಪ್ಪೆಮರಿಗಳಿಗೆ ಕಾಲು ಬಂದದ್ದೂ ತಿಳಿಯಲಿಲ್ಲ. ಟೀಚರ ಮನೆಯ ಬಾಗಿಲು ಎಷ್ಟು ಹೊತ್ತಿಗೆ ತೆಗೆಯುತ್ತದೆ, ಬಾಟಲಿಯಲ್ಲಿ ಎಷ್ಟು ಇಳಿದಿದೆ, ಇಷ್ಟೇ ನೋಡುತ್ತಿದ್ದೆ. ಅಷ್ಟರಲ್ಲಿ ಮರದ ಆ ಮಗ್ಗುಲು ಬೋಳಾಯಿತು.

ಊಟದ ಹೊತ್ತಿಗೆ ಎಲ್ಲ ಹೇಳಿದೆ. ನಮ್ಮವರು ತಟ್ಟೆ ನೋಡಿಕೊಂಡೇ ಕೇಳಿದರು.

"ಏನೋ ವಿಷ ಹಾಕಿದ್ದಾರೆ ರೀ ಅವರು. ಅನುಮಾನವೇ ಇಲ್ಲ."

"ಇರಬಹುದು."

"ಇರಬಹುದು ಅಂದ್ರೆ? ನಾನು ಪುರಸಭೆಗೆ ಬರೆದು ಕೊಡ್ತೀನಿ."

ಬರೆದೆ. ಪೆನ್ನು ಕೊಟ್ಟವರು ಅವರೇ, ಕಿವಿಯ ಮೇಲೆ ಸಿಕ್ಕಿಸಿಕೊಂಡಿದ್ದದ್ದು. ಬರೆದದ್ದನ್ನು ಓದಿ, "ಹೆಸರು ಹಾಕಲೇಬೇಕಾ?" ಎಂದರು.

"ಹಾಕದೆ? ಮರ ತಾನೇ ವಿಷ ಕುಡೀತು ಅಂತ ಬರೀಲಾ?"

ಅವರು ಎದ್ದು ಶೆಡ್ಡಿಗೆ ಹೋದರು. ಉಜ್ಜುಗೊರಡಿನ ಸದ್ದು ಶುರುವಾಯಿತು. ಒಳ್ಳೆಯ ಮನುಷ್ಯ, ಯಾರ ಮೇಲೂ ಕೆಟ್ಟದ್ದು ಹೇಳಲಾರರು ಎಂದು ನನಗೆ ಒಳಗೊಳಗೇ ಹೆಮ್ಮೆ.

ಗುರುವಾರ ಹತ್ತಕ್ಕೆ ಪುರಸಭೆಯ ಮೇಲ್ವಿಚಾರಕರು ಬರುತ್ತೇನೆಂದು ತಿಳಿಸಿದರು. ಟೀಚರ ಮೇಲೆ ಕೇಸಾಗುತ್ತದೆ, ಇಡೀ ರಸ್ತೆ ಬಾಗಿಲಿಗೆ ಬಂದು ನಿಲ್ಲುತ್ತದೆ ಎಂದುಕೊಂಡೆ. ಗುರುವಾರ ಬೆಳಗ್ಗೆ ನಾನು ಎಂದಿನಂತೆ ಆರಕ್ಕೆ ಹೊರಟೆ. ಮಳೆ ಸ್ವಲ್ಪ ಬಿಟ್ಟಿತ್ತು. ಟೀಚರ ಬಾಗಿಲು ಹಾಕಿತ್ತು. ಸಾಕ್ಷಿ ಏನಾದರೂ ಸಿಕ್ಕೀತೆಂದು ಅಂದು ಮರದ ಹಿಂದಕ್ಕೆ, ಬೇಲಿಯ ಕಡೆಗೆ ಹೋದೆ. ಅಲ್ಲಿ ಹಾವಸೆ ದಪ್ಪವಾಗಿ ಕಟ್ಟಿತ್ತು. ಕಣ್ಣಿಗೆ ಏನೂ ಕಾಣಲಿಲ್ಲ. ಅಭ್ಯಾಸಬಲದಿಂದ ಅಂಗೈ ಇಟ್ಟು ಸವರಿದೆ.

ಬೆರಳು ಒಂದು ಕಡೆ ನಿಂತಿತು.

ತೊಗಟೆ ಒರಟಾಗಿರಬೇಕಾದ ಕಡೆ ಗುಂಡಗೆ ಒಂದು ಪುಟ್ಟ ನುಣುಪು. ಸುತ್ತ ಅಂಚು ಮಾತ್ರ ಕೂದಲೆಳೆಯಷ್ಟು ಮೇಲೆ. ಒಂದು ಗೇಣು ಪಕ್ಕದಲ್ಲಿ ಇನ್ನೊಂದು. ಹಾಗೆ ನಾಲ್ಕು, ಕೊರೆದು ಮುಚ್ಚಿದ ತೂತುಗಳು. ಬೇರೆ ಯಾರೇ ಆಗಿದ್ದರೂ ಮರಕ್ಕೆ ತೂತು ಕೊರೆದು ವಿಷ ಹಾಕಿ, ಒಂದು ಹಿಡಿ ಮಣ್ಣು ಮೆತ್ತಿ ಹೋಗುತ್ತಿದ್ದರು. ಇವನ್ನು ಮುಚ್ಚಿದವನಿಗೆ ತೂತನ್ನು ತೂತಾಗಿ ಬಿಡಲು ಮನಸ್ಸು ಬಂದಿರಲಿಲ್ಲ. ತೊಗಟೆಯ ಬಣ್ಣಕ್ಕೇ ಬಣ್ಣ ಕೂಡಿಸಿದ್ದ. ನೀರು ಇಳಿಯದಂತೆ ಮೇಲೆ ಮೇಣದಬತ್ತಿ ತಿಕ್ಕಿದ್ದ.

ತಲೆಯ ಪಿನ್ನು ತೆಗೆದು ಚುಚ್ಚಿದೆ. ಮೂಸಿ ನೋಡಿದೆ. ಮರದ ಹೊಟ್ಟು, ಅಂಟು, ಬಣ್ಣಕ್ಕೆ ಚಹಾದ ಕಷಾಯ. ನಮ್ಮ ಶೆಡ್ಡಿನ ಪುಟ್ಟಿ. ಮೊಳೆಯ ತೂತು ಮುಚ್ಚಲು ನಮ್ಮವರು ಕಲಸುವ ಪುಟ್ಟಿ. ಹೆಬ್ಬೆರಳಿನಿಂದ ಒತ್ತಿ, ಅಂಚನ್ನು ಹಾಗೇ ಬಿಟ್ಟುಬಿಡುತ್ತಾರೆ. ಒಣಗಿದ ಮೇಲೆ ಅದನ್ನು ಉಜ್ಜಿ ಸಮ ಮಾಡುವುದು ನನ್ನ ಕೆಲಸ. ಇಪ್ಪತ್ತೆರಡು ವರ್ಷ ನನ್ನ ಬೆರಳು ಹುಡುಕಿ ಸವೆಸಿದ್ದು ಈ ಅಂಚನ್ನೇ.

ಮನೆಗೆ ಹೇಗೆ ಬಂದೆನೋ. ಅವರು ಶೆಡ್ಡಿನಲ್ಲಿ ತೂತು ಕೊರೆಯುವ ಬೈರಿಗೆಗೆ ಎಣ್ಣೆ ಹಾಕುತ್ತಿದ್ದರು. ಪಿನ್ನಿನ ತುದಿಯಲ್ಲಿದ್ದ ಚೂರನ್ನು ಅವರ ಮುಂದಿನ ಹಲಗೆಯ ಮೇಲೆ ಇಟ್ಟೆ.

ಅವರು ಅದನ್ನು ಉಗುರಿನಿಂದ ಹೊರಳಿಸಿದರು. "ಆ ಕಡೆ ನೀನು ಯಾವತ್ತೂ ಹೋಗಲ್ವಲ್ಲ" ಎಂದರು.

"ಯಾಕ್ರೀ?"

"ಸತ್ತ ಮರ ಆದರೆ ಪುರಸಭೆಯವರು ಕಡೀತಾರೆ. ಕೇಳಿದ್ರೆ ಬಡಗಿಗೆ ಕೊಡ್ತಾರೆ." ಅವರು ತಮ್ಮ ಬಲಗೈಯನ್ನು ಬೆಳಕಿಗೆ ಹಿಡಿದರು. ಬೆರಳು ಸಣ್ಣಗೆ ನಡುಗುತ್ತಿತ್ತು. ನಾನು ಅದನ್ನು ಗಮನಿಸಿಯೇ ಇರಲಿಲ್ಲ. "ಹತ್ತು ವರ್ಷದಿಂದ ಪ್ಲೈವುಡ್ಡು ಕೊಯ್ಕೊಂಡು ಕೂತಿದ್ದೀನಿ. ಈ ಕೈ ನಿಲ್ಲೋದರೊಳಗೆ ಒಂದೇ ಹಲಗೆಯಲ್ಲಿ ಒಂದು ಮೇಜು ಮಾಡಬೇಕು ಅನ್ಸಿತು. ನೀನು ಅದರಲ್ಲಿ ಎಲೆ ನೋಡ್ತೀಯ. ನನಗೆ ಕಾಣೋದು ಹಲಗೆ."

ನಡುಗುವ ಕೈ ಕಂಡು ಪಾಪ ಅನ್ನಿಸಿತು. ಸುಳ್ಳು ಹೇಳಲಾರೆ. ಆದರೆ ಅದರ ಹಿಂದೆಯೇ ಬೇರೊಂದು ನೆನಪು ಎದ್ದು ನಿಂತಿತು.

"ಟೀಚರ ಹೆಸರು ಬರೆದಾಗ ಪೆನ್ನು ಕೊಟ್ಟವರು ನೀವು."

"ಹೆಸರು ಬೇಡ ಅಂದೆನಲ್ಲ."

"ಬೇಡ ಅನ್ನಲಿಲ್ಲ. ಹಾಕಲೇಬೇಕಾ ಅಂದ್ರಿ."

ಅವರು ಬೈರಿಗೆಯನ್ನು ಬಟ್ಟೆಯಲ್ಲಿ ಸುತ್ತತೊಡಗಿದರು. ಈ ಮನುಷ್ಯ ಇನ್ನೂ ಯಾವ ಯಾವ ತೂತನ್ನು ಹೀಗೆ ಬಣ್ಣ ಕೂಡಿಸಿ ಮುಚ್ಚಿಟ್ಟಿರಬಹುದು, ನಾನು ಎಷ್ಟನ್ನು ಕೇಳದೆಯೇ ಉಜ್ಜಿ ಸಮ ಮಾಡಿರಬಹುದು ಎಂದು ನನಗೆ ಮೊದಲ ಸಲ ಅನ್ನಿಸಿತು.

ಹತ್ತಕ್ಕೆ ಮತ್ತೆ ಮಳೆ. ಮೇಲ್ವಿಚಾರಕರು ಪ್ಲಾಸ್ಟಿಕ್ ಕವರಿನಲ್ಲಿ ನನ್ನ ಅರ್ಜಿ ಹಿಡಿದು ಬಂದಿದ್ದರು. ಟೀಚರು ಆಗಲೇ ಮರದ ಕೆಳಗೆ ನಿಂತಿದ್ದರು, ಕೈಯಲ್ಲಿ ಒಂದು ಪೊಟ್ಟಣ.

"ಸ್ವಾಮಿ, ಇದನ್ನ ಮೊದಲು ನೋಡಿ" ಎಂದು ಅವರು ಪೊಟ್ಟಣ ಬಿಚ್ಚಿದರು. ಅದರ ತುಂಬ ಹಳದಿ ಎಲೆಗಳು, ಪ್ರತಿ ಎಲೆಗೂ ತಾರೀಕಿನ ಚೀಟಿ. "ಮೂರು ವಾರದಿಂದ ಆರಿಸಿಡ್ತಿದ್ದೀನಿ. ಯಾರೋ ಏನೋ ಮಾಡಿದ್ದಾರೆ." ಆಮೇಲೆ ನನ್ನ ಕಡೆ ತಿರುಗಿ, "ಮುಚ್ಚುಮರೆ ಯಾಕೆ? ನಾನು ನಿಮ್ಮನ್ನೇ ಅನುಮಾನಿಸಿದ್ದೆ. ದಿನಾ ಬಂದು ಮರ ಸವರಿ ಸವರಿ ಹೋಗ್ತೀರಲ್ಲ!"

"ನಿಮಗೆ ಈ ಮರ ಆಗಲ್ವಲ್ಲ ಟೀಚರ್."

"ಬೈದವರೆಲ್ಲ ಕೊಲ್ತಾರಾ? ಹಾಗಾಗಿದ್ರೆ ನನ್ನ ಕ್ಲಾಸಲ್ಲಿ ಒಂದು ಮಗುವೂ ಉಳೀತಿರಲಿಲ್ಲ."

"ಕಿಟಕಿಯ ಬಾಟಲಿ?"

"ಮಂಡಿನೋವಿನ ಎಣ್ಣೆ. ಬೇಕಾದ್ರೆ ಬಂದು ಮೂಸಿ."

ನಾನು ಮೇಲ್ವಿಚಾರಕರನ್ನು ಮರದ ಹಿಂದಕ್ಕೆ ಕರೆದುಕೊಂಡು ಹೋಗಿ ನಾಲ್ಕೂ ಕಡೆ ಬೆರಳಿಟ್ಟು ತೋರಿಸಿದೆ. ಅವರು ಬಗ್ಗಿ ನೋಡಿ ಶಿಳ್ಳೆ ಹಾಕಿದರು. "ಒಂದು ಮಗ್ಗುಲಿಗೆ ಮಾತ್ರ ಹಾಕಿದ್ದಾರೆ. ಇನ್ನೊಂದು ಮಗ್ಗುಲು ಉಳಿದರೂ ಉಳೀಬಹುದು. ಆದರೆ ನೀವು ಅರ್ಜಿಯಲ್ಲಿ ಬರೆದಿರೋ ಹೆಸರು..."

 ಟೀಚರ ಕಣ್ಣು ಆಗಲೇ ಕವರಿನೊಳಗಿನ ತಮ್ಮ ಹೆಸರಿನ ಮೇಲೆ ಬಿದ್ದಿತ್ತು.

"ಕೊಡಿ, ಅದು ತಪ್ಪಾಗಿದೆ" ಎಂದೆ.

ರಸ್ತೆಯ ಆ ತುದಿಯಲ್ಲಿ ಶೆಡ್ಡಿನ ಬಾಗಿಲಿಗೆ ಒರಗಿ ನಮ್ಮವರು ನಿಂತದ್ದು ಕಾಣುತ್ತಿತ್ತು. ಮುಂದೆ ಬರಲಿಲ್ಲ, ಒಳಗೂ ಹೋಗಲಿಲ್ಲ. ನಾನು ಕಾಗದವನ್ನು ಕಾಂಡಕ್ಕೆ ಒತ್ತಿಟ್ಟು ಟೀಚರ ಹೆಸರಿನ ಮೇಲೆ ಗೆರೆ ಎಳೆದೆ. ಅದರ ಕೆಳಗೆ ನಮ್ಮ ಮನೆಯ ನಂಬರು ಬರೆಯತೊಡಗಿದೆ. ಎರಡನೆಯ ಅಂಕಿಗೆ ಎಲೆಯಿಂದ ದೊಡ್ಡ ಹನಿಯೊಂದು ಬಿದ್ದು ಶಾಯಿ ಹರಡಿತು.

ಟೀಚರು ತಮ್ಮ ಕೊಡೆಯನ್ನು ಕಾಗದದ ಮೇಲಕ್ಕೆ ಸರಿಸಿ ಹಿಡಿದರು. ಅವರ ಬೆನ್ನು ಪೂರ್ತಿ ನೆನೆಯುತ್ತಿತ್ತು.

"ಬಿಡಿಸಿ ಬರೀರಿ" ಎಂದರು.